ಎಕ್ಸ್ ಸರಿಯಾಗಿ ಬಂದರೂ ಪರಿಪೂರಕ ಕೋನದ ಉತ್ತರ ತಾಳೆಯಾಗುತ್ತಿಲ್ಲ, ಯಾಕೆ?

ಏಳನೇ ತರಗತಿಯ ನಿಮ್ಮ ಮಗಳಿಗೆ ಸಿಕ್ಕ ಲೆಕ್ಕ ಇದು: ಎರಡು ಪರಿಪೂರಕ ಕೋನಗಳು 3ಎಕ್ಸ್ + 10 ಮತ್ತು 2ಎಕ್ಸ್ − 5 ಡಿಗ್ರಿ ಇವೆ, ಕೋನಗಳನ್ನು ಕಂಡುಹಿಡಿಯಿರಿ. ಅವಳು 35 ಅಂತ ಬರೆದಿದ್ದಾಳೆ, ಪುಸ್ತಕದ ಹಿಂದೆ 115 ಮತ್ತು 65 ಇದೆ. ಎಲ್ಲಿ ತಪ್ಪಿತು ಅಂತ ಕೇಳಿದ್ದೀರಿ.

ಅವಳು ತಪ್ಪು ಮಾಡಿಲ್ಲ, ಅರ್ಧಕ್ಕೆ ನಿಲ್ಲಿಸಿದ್ದಾಳೆ ಅಷ್ಟೇ. ಸಂಜೆ ಮನೆಪಾಠಕ್ಕೆ ಬರುವ ಮಕ್ಕಳಲ್ಲೂ ನಾನು ಇದನ್ನೇ ಜಾಸ್ತಿ ನೋಡುತ್ತೇನೆ. ಪರಿಪೂರಕ ಅಂದರೆ ಎರಡೂ ಸೇರಿ 180. ಹಾಗಾಗಿ 5ಎಕ್ಸ್ + 5 = 180, ಎಕ್ಸ್ = 35. ಆದರೆ ಎಕ್ಸ್ ಇಲ್ಲಿ ಕೋನವೇ ಅಲ್ಲ! ಅದನ್ನು ವಾಪಸ್ ಹಾಕಬೇಕು. 3 × 35 + 10 = 115. 2 × 35 − 5 = 65. ಕೂಡಿಸಿದರೆ 180 ಬಂತಲ್ವಾ, ಅಲ್ಲಿಗೆ ಲೆಕ್ಕ ಮುಗಿಯಿತು.

ಕೆಲವು ಮಕ್ಕಳು ಎರಡನ್ನೂ ಸಮ ಅಂತ ಬರೆದುಬಿಡುತ್ತಾರೆ. ಶೃಂಗಾಭಿಮುಖ ಕೋನದ (ಎರಡು ಗೆರೆ ಒಂದನ್ನೊಂದು ಕತ್ತರಿಸಿದಾಗ ಎದುರುಬದುರಾಗಿ ಬರುವ ಸಮ ಕೋನಗಳು) ಲೆಕ್ಕ ಆಗಷ್ಟೇ ಮಾಡಿರುತ್ತಾರೆ, ಅದೇ ಕೈಗೆ ಬರುತ್ತದೆ. ಹಾಗೆ ಮಾಡಿದರೆ ಇಲ್ಲಿ ಎಕ್ಸ್ = −15 ಬಂದು, ಕೋನ −35 ಆಗುತ್ತದೆ. ಅಂಥ ಕೋನ ಕಾಗದದ ಮೇಲೆ ಎಲ್ಲಿರುತ್ತದೆ? ಅಲ್ಲೇ ನಿಂತು ಸಮೀಕರಣವನ್ನು ಮತ್ತೆ ನೋಡಬೇಕು.

ನನ್ನ ಮಟ್ಟಿಗೆ, ಸೂತ್ರಕ್ಕಿಂತ ಮೊದಲು 180 ಕಣ್ಣಿಗೆ ಕಾಣಬೇಕು. ಮೇಜಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ನಿಲ್ಲಿಸಿ, ಮೊನೆಯನ್ನು ಕದಲಿಸದೆ ಬಲಕ್ಕೆ ನಿಧಾನವಾಗಿ ವಾಲಿಸಿ. ಬಲಗಡೆ ಕೋನ ಎಷ್ಟು ಕುಗ್ಗುತ್ತದೋ ಎಡಗಡೆ ಅಷ್ಟೇ ಹಿಗ್ಗುತ್ತದೆ. ಮೊತ್ತ ಮಾತ್ರ ಅಲ್ಲಾಡುವುದಿಲ್ಲ.

ಈಗ "ಪರಿಪೂರಕ ಕೋನಗಳ ವ್ಯತ್ಯಾಸ 40 ಡಿಗ್ರಿ" ಅನ್ನುವ ಲೆಕ್ಕ ತಗೊಳ್ಳಿ. ಇಲ್ಲಿ ಎಕ್ಸ್ ಯಾವುದು ಅಂತ ನಾವೇ ಇಟ್ಟುಕೊಳ್ಳಬೇಕು. ಮೊದಲ ಸಾಲಲ್ಲೇ "ಚಿಕ್ಕ ಕೋನ = ಎಕ್ಸ್" ಅಂತ ಬರೆಸಿ. ಆಗ ದೊಡ್ಡದು ಎಕ್ಸ್ + 40. 2ಎಕ್ಸ್ + 40 = 180, ಎಕ್ಸ್ = 70, ಇನ್ನೊಂದು 110. ಈ ಸಲ ಎಕ್ಸ್ ಕೋನವೇ ಆಗಿದೆ ನೋಡಿ. ಮೊದಲ ಸಾಲು ಬರೆದಿದ್ದರೆ ಈ ಗೊಂದಲವೇ ಇರುವುದಿಲ್ಲ.

ಇದೇ ಲೆಕ್ಕ ಪೆನ್ಸಿಲಲ್ಲೂ ಸಿಗುತ್ತದೆ. ನೆಟ್ಟಗಿದ್ದಾಗ ಎರಡೂ ಕಡೆ 90. ವ್ಯತ್ಯಾಸ 40 ಆಗಬೇಕಾದರೆ ಎಷ್ಟು ಡಿಗ್ರಿ ವಾಲಿಸಬೇಕು ಅಂತ ಮಗಳನ್ನೇ ಕೇಳಿ. ಹೆಚ್ಚಿನ ಮಕ್ಕಳು ಮೊದಲು 40 ಅನ್ನುತ್ತಾರೆ. ಸುಮ್ನೆ ಬಿಡಿ, ವಾಲಿಸಿ ನೋಡಲಿ. 20 ಸಾಕು ಅಂತ ಅವಳಿಗೇ ಹೊಳೆಯುತ್ತದೆ.