ಆ ನೊರೆ ಬರುವ ಔಷಧಿ ನಿಲ್ಲಿಸಿ, ಉಪ್ಪುನೀರಲ್ಲಿ ತೊಳೆಯಿರಿ

ಅಣ್ಣಾ, ಕಡಸಿನ ಫೋಟೋ ನೋಡಿದೆ. ಬೇಲಿಯ ಮುಳ್ಳುತಂತಿ ತಾಗಿ ತೊಡೆ ಸೀಳಿ ಎಂಟು ದಿನ ಆಯ್ತು, ದಿನಕ್ಕೆರಡು ಸಲ ಹೈಡ್ರೋಜನ್ ಪೆರಾಕ್ಸೈಡ್ ಹೊಯ್ದರೂ ವಾಸನೆ ಹೋಗಿಲ್ಲ ಅಂತ ಬರೆದಿದ್ದೀರಿ. ಮೊದಲು ಆ ಬಾಟಲಿ ಬದಿಗಿಡಿ ಮಾರಾಯ್ರೆ. ನೊರೆ ಎದ್ದರೆ ಕೊಳೆ ಹೋಯ್ತು ಅಂತ ಅನಿಸುತ್ತದೆ, ಆದರೆ ಒಳ್ಳೆ ರಕ್ತ ತಾಗಿದರೂ ಅದು ಹಾಗೇ ನೊರೆ ಕಾರುತ್ತದೆ, ಹುಟ್ಟುತ್ತಿರುವ ಹೊಸ ಮಾಂಸವನ್ನೂ ಸುಡುತ್ತದೆ. ಮಣ್ಣು, ಸಗಣಿ ಮೆತ್ತಿದ ಹೊಸ ಗಾಯಕ್ಕೆ ಮೊದಲ ದಿನ ಒಂದು ಸಲ ಸಾಕು.

ನಮ್ಮ ದನಕ್ಕೆ ಹೋದ ಮಳೆಗಾಲ, ಆಟಿ ತಿಂಗಳಲ್ಲಿ ಹೀಗೇ ಆಗಿತ್ತು. ನಾನು ಡೆಟಾಲ್ ಜಾಸ್ತಿ ಹಾಕಿ ಹಾಕಿ ಗಾಯ ಬೆಳ್ಳಗಾಗಿ ನಿಂತೇಬಿಟ್ಟಿತ್ತು. ದನದ ಡಾಕ್ಟ್ರು ಬಂದು ಬರೀ ಉಪ್ಪುನೀರು ಹೇಳಿದರು. ಒಂದು ಲೀಟರ್ ನೀರು ಕುದಿಸಿ, ಆರಿಸಿ, 9 ಗ್ರಾಂ ಉಪ್ಪು ಹಾಕಿ. ಅಂದಾಜು ಒಂದೂವರೆ ಟೀ ಚಮಚ. ಸುಮ್ನೆ ಮೇಲಿಂದ ಹೊಯ್ದರೆ ಏನೂ ಹೋಗುವುದಿಲ್ಲ, ನೀರಿಗೆ ಸ್ವಲ್ಪ ರಭಸ ಬೇಕು. ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಸಣ್ಣ ತೂತು ಮಾಡಿ ಹಿಂಡಿ, ಪೂರ್ತಿ ಒಂದು ಲೀಟರ್ ಖರ್ಚಾಗಲಿ. ಪೈಪಿನ ಜೋರು ನೀರು ಬೇಡ, ಅದು ಕೊಳೆಯನ್ನು ಇನ್ನೂ ಒಳಗೆ ನೂಕುತ್ತದೆ.

ಫೋಟೋದಲ್ಲಿ ಕೆಳಗಿನ ಅಂಚು ಬೂದಿ ಬಣ್ಣಕ್ಕಿದೆ ಅಲ್ವಾ, ಅದು ಸತ್ತ ಮಾಂಸ. ಅದು ಇರುವಷ್ಟು ದಿನ ಯಾವ ಮುಲಾಮೂ ಹಿಡಿಯುವುದಿಲ್ಲ. ಉಪ್ಪುನೀರಲ್ಲಿ ನೆನೆಸಿದ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಜಾಳು ಬಟ್ಟೆ) ಗಾಯದೊಳಗೆ ತುಂಬಿ ಕಟ್ಟಿ, ಮರುದಿನ ತೆಗೆಯುವಾಗ ಮೆತ್ತಗಾದದ್ದು ಅದರ ಜೊತೆ ಬರುತ್ತದೆ. ಕೆಂಪಗೆ, ಸಣ್ಣ ಸಣ್ಣ ಕಾಳಿನ ಹಾಗೆ ಮಾಂಸ ಕಂಡ ದಿನ ಹೀಗೆ ಎಳೆದು ತೆಗೆಯುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ಅದೂ ಕಿತ್ತು ಬರುತ್ತದೆ. ಬ್ಲೇಡು ಮಾತ್ರ ನೀವು ಹಿಡಿಯಬೇಡಿ. ಸತ್ತ ಮಾಂಸ ಕೊಯ್ದರೆ ರಕ್ತ ಬರುವುದಿಲ್ಲ, ನೋವೂ ಇಲ್ಲ, ಆದರೆ ಅದು ಎಲ್ಲಿಗೆ ಮುಗಿಯಿತು ಅಂತ ಗೊತ್ತಾಗುವುದು ಡಾಕ್ಟ್ರ ಕೈಗೆ. ದನದ ಡಾಕ್ಟ್ರ ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಗಾಯ ಕೀಲಿನ ಹತ್ತಿರ ಇದ್ದರೆ, ಕಡಸು ಮೇವು ಬಿಟ್ಟಿದ್ದರೆ ಇವತ್ತೇ ಮಾಡಿ.

ನಿಮ್ಮ ಪ್ರಶ್ನೆಗೆ ಮೇಲೆ ಉತ್ತರ ಬರೆದ ಒಬ್ಬರು, ಗಾಯದಲ್ಲಿ ಹುಳ ಆದರೆ ಆಗಲಿ, ಕೊಳೆ ತಿಂದು ಕ್ಲೀನ್ ಮಾಡುತ್ತದೆ ಅಂದಿದ್ದಾರೆ. ದಯವಿಟ್ಟು ಅದನ್ನು ಕೇಳಬೇಡಿ. ಮನುಷ್ಯರ ಚಿಕಿತ್ಸೆಗೆ ಹುಳ ಬಿಡುವುದು ನಿಜ, ಅಮೆರಿಕದಲ್ಲಿ 2004ರಲ್ಲಿ ಅದಕ್ಕೆ ಅನುಮತಿಯೂ ಸಿಕ್ಕಿದೆ. ಆದರೆ ಅವು ಸತ್ತ ಮಾಂಸ ಮಾತ್ರ ತಿನ್ನುವ ಜಾತಿ, ಲ್ಯಾಬಿನಲ್ಲಿ ಶುದ್ಧವಾಗಿ ಬೆಳೆಸಿದವು. ನಮ್ಮ ಹಟ್ಟಿಯಲ್ಲಿ ದನದ ಗಾಯಕ್ಕೆ ಮೊಟ್ಟೆ ಇಡುವ ನೊಣಗಳಲ್ಲಿ ಜೀವಂತ ಮಾಂಸ ಕೊರೆದು ಒಳಗೆ ಹೋಗುವ ಜಾತಿಯೂ ಇದೆ, ಅದರ ಮೊಟ್ಟೆ ಒಂದೇ ದಿನದಲ್ಲಿ ಒಡೆಯುತ್ತದೆ. ಹುಳ ಕಂಡರೆ ಟರ್ಪೆಂಟೈನ್ ಎಣ್ಣೆ ಅದ್ದಿದ ಗಾಜ್ ಹತ್ತು ನಿಮಿಷ ಇಟ್ಟು, ಮೇಲೆ ಬಂದ ಹುಳ ಚಿಮಟದಲ್ಲಿ ತೆಗೆದು, ಆ ಎಣ್ಣೆಯನ್ನು ಪೂರ್ತಿ ತೊಳೆದುಬಿಡಿ.

ಬೇವಿನೆಣ್ಣೆ ಗಾಯದ ಒಳಗಲ್ಲ, ಸುತ್ತ ಕೂದಲಿಗೆ ಹಚ್ಚಿ, ನೊಣ ಕೂರದಿರಲಿ. ಈ ಮಳೆಯಲ್ಲಿ ಹಟ್ಟಿಗೆ ಹಸಿ ಸೊಪ್ಪು ಹಾಸಬೇಡಿ, ಕಡಸು ಆ ತೊಡೆ ಊರಿಯೇ ಮಲಗುವುದು.