ಒಪ್ಪಿ ಮಾಡಿಸಿಕೊಂಡವರಿಗೆ ಅಳುವ ಹಕ್ಕಿಲ್ಲವೇ?

ನನ್ನ ಬಳಿ ಸಲಹೆಗೆಂದು ಬಂದವರು ಪ್ರೌಢಶಾಲೆಯ ಶಿಕ್ಷಕಿ, ವಯಸ್ಸು 44. ಇಲ್ಲಿ ಅವರನ್ನು ಶೈಲಜಾ ಎನ್ನುತ್ತೇನೆ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಗದ್ದದ ಕೆಳಗಿನ ಕೊಬ್ಬು ತೆಗೆಸಿ, ಕತ್ತಿನ ಸಡಿಲ ಚರ್ಮವನ್ನು ಬಿಗಿ ಮಾಡಿಸಿಕೊಂಡಿದ್ದರು. ಬಾವು ಇಳಿದ ಮೇಲೆ ನೋಡಿದರೆ, ನಕ್ಕಾಗ ಕೆಳತುಟಿಯ ಬಲಭಾಗ ಮಾತ್ರ ಕೆಳಗಿಳಿಯುತ್ತಿತ್ತು, ಎಡಭಾಗ ಮೇಲೆಯೇ ನಿಲ್ಲುತ್ತಿತ್ತು. ಸುಮ್ಮನಿದ್ದಾಗ ಏನೂ ಕಾಣುತ್ತಿರಲಿಲ್ಲ. ಆದರೂ ಆರು ವಾರಗಳಿಂದ ಮಾಸ್ಕ್ ಹಾಕಿಕೊಂಡೇ ಪಾಠ ಮಾಡುತ್ತಿದ್ದರು.

ಅತ್ತೆ ಹೇಳಿದ್ದು: "ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು." ಗಂಡನ ಪ್ರಶ್ನೆ: "ಮಾಡಿಸಿಕೋ ಎಂದವರು ಯಾರು?" ಶೈಲಜಾ ಅವರೇ ನನಗೆ ಹೇಳಿದರು: "ನಾನಾಗಿಯೇ ತಂದುಕೊಂಡದ್ದು ಮೇಡಂ, ಯಾರ ಮುಂದೆ ಅಳಲಿ?"

ತುಟಿಗಿಂತ ಈ ಮಾತೇ ಹೆಚ್ಚು ನೋಯಿಸುತ್ತಿತ್ತು. ಅಪಘಾತದಲ್ಲಿ ಮುಖಕ್ಕೆ ಪೆಟ್ಟಾಗಿದ್ದರೆ ನೆಂಟರೆಲ್ಲ ಹಣ್ಣು ಹಿಡಿದು ಬರುತ್ತಿದ್ದರು. ಅಂದವಾಗಿ ಕಾಣಬೇಕೆಂದು ಬಯಸಿದ್ದಕ್ಕೆ ಅವರಿಗೆ ಆ ಸಾಂತ್ವನವೂ ಸಿಗಲಿಲ್ಲ. ಏಕೆ ಮಾಡಿಸಿಕೊಂಡಿರಿ ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಪ್ರಶ್ನೆ ಅದಲ್ಲ. ಅಪಾಯವಿರಬಹುದು ಎಂದು ತಿಳಿದು ಸಹಿ ಹಾಕುವುದು ಬೇರೆ, ನೋವು ನನಗೇ ಬರಲಿ ಎಂದು ಬೇಡಿಕೊಳ್ಳುವುದು ಬೇರೆ ಎಂದೆ. ಆ ದಿನ ಅವರು ಬಹಳ ಹೊತ್ತು ಅತ್ತರು.

ಅವರಿಗೆ ಆದದ್ದೇನೆಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಮುಖವನ್ನು ಆಡಿಸುವುದು ಏಳನೆಯ ಕಪಾಲ ನರ. ಅದರ ತೆಳುವಾದ ಕವಲೊಂದು ಕೆಳದವಡೆಯ ಅಂಚಿನಲ್ಲೇ ಸಾಗಿ ಕೆಳತುಟಿಯನ್ನು ಇಳಿಸುತ್ತದೆ. ಇಂಥ ಶಸ್ತ್ರಚಿಕಿತ್ಸೆಯಲ್ಲಿ ಅದು ಕತ್ತರಿಸಿಹೋಗುವುದು ಅಪರೂಪ. ಹೆಚ್ಚಾಗಿ ಜಗ್ಗಿರುತ್ತದೆ ಅಥವಾ ಜಜ್ಜಿರುತ್ತದೆ. ಹಾಗಾದಾಗ ಬಹುಪಾಲು ಜನರಿಗೆ ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಚಲನೆ ಮರಳುತ್ತದೆ. ನರದ ಎಳೆ ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ. ಕೆಲವರಿಗೆ ಪೂರ್ತಿ ಸರಿಹೋಗುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಕನ್ನಡಿಯ ಮುಂದೆ ನಿಂತು ಬಲವಂತವಾಗಿ ನಗುವುದನ್ನು ಬಿಡಿಸಿದೆ. ಹಾಗೆ ಮಾಡಿದರೆ ಸರಿಯಿರುವ ಬದಿಯೇ ಹೆಚ್ಚು ಎಳೆದು ವ್ಯತ್ಯಾಸ ಎದ್ದು ಕಾಣುತ್ತದೆ. ಬದಲಿಗೆ ಎರಡು ವಾರಕ್ಕೊಮ್ಮೆ, ಒಂದೇ ಬೆಳಕಿನಲ್ಲಿ ಒಂದು ವಿಡಿಯೊ ತೆಗೆದು ವೈದ್ಯರಿಗೆ ತೋರಿಸುವುದು. ಮುಖದ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಷ್ಟೇ ಮಾಡುವುದು. ಶಸ್ತ್ರಚಿಕಿತ್ಸಕರು ಫೋನಿನಲ್ಲಿ "ಸರಿಹೋಗುತ್ತದೆ ಬಿಡಿ" ಎನ್ನುತ್ತಿದ್ದರು. ಪ್ರಶ್ನೆಗಳನ್ನು ಬರೆದುಕೊಂಡು ಗಂಡನ ಜೊತೆ ಹೋಗಿ ಎಂದೆ. ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯರ ವೃತ್ತಿನೀತಿಯ 2002ರ ನಿಯಮಾವಳಿಯೇ ಹೇಳುತ್ತದೆ. ದಾಖಲೆ ಕೇಳುವುದು ಜಗಳವಲ್ಲ. ಲಕ್ವ ಹೊಡೆದಿದೆಯೇ ಎಂದು ಕೇಳುವ ಸಹೋದ್ಯೋಗಿಗಳಿಗೆ ಒಂದು ಉತ್ತರವನ್ನೂ ಸಿದ್ಧಮಾಡಿಕೊಂಡೆವು: "ಆಪರೇಷನ್ ಆಗಿದೆ, ನರಕ್ಕೆ ಪೆಟ್ಟಾಗಿದೆ, ಗುಣವಾಗುತ್ತಿದೆ." ಅದಕ್ಕಿಂತ ಹೆಚ್ಚು ಯಾರಿಗೂ ಹೇಳಬೇಕಿಲ್ಲ.

ಗಂಡನನ್ನೂ ಒಮ್ಮೆ ಕರೆಸಿದೆ. ಆತನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು.

ನಾಲ್ಕನೆಯ ತಿಂಗಳ ವಿಡಿಯೊದಲ್ಲಿ ಎಡತುಟಿ ಸ್ವಲ್ಪ ಇಳಿಯುವುದು ಕಂಡಿತು. ಮಾಸ್ಕ್ ಈಗ ಬಸ್ಸಿನಲ್ಲಿ ಮಾತ್ರ. ಸಮತೋಲ ಕಾಣಲೆಂದು ಬಲಬದಿಗೆ, ಸ್ನಾಯುವನ್ನು ಸ್ವಲ್ಪ ಕಾಲ ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಕೊಡಬಹುದು, ಅದರ ಪರಿಣಾಮ ಮೂರು ನಾಲ್ಕು ತಿಂಗಳು ಇರುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಬೇಸಿಗೆ ರಜೆಯವರೆಗೆ ಕಾದು ನೋಡಿ ತೀರ್ಮಾನಿಸುತ್ತೇನೆ ಎಂದಿದ್ದಾರೆ ಶೈಲಜಾ.