ಪೋಸ್ಟರ್‌ಗಿಂತ ಮೊದಲು ಅರ್ಜಿ

ಪ್ರಶ್ನೆ: ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪಶ್ಚಿಮ ಘಟ್ಟದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಒಂದು ಜೀನ್ ಅನ್ನು ಬದಲಿಸಿ ಇ. ಕೋಲೈ ಎಂಬ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಸೇರಿಸಿದ್ದೇವೆ. ಅದು ಬಟ್ಟೆಗೆ ಬಣ್ಣ ಹಾಕಿದ ಕೊಳೆ ನೀರನ್ನು ತಿಳಿ ಮಾಡುತ್ತದೆ. ಮುಂದಿನ ತಿಂಗಳು ಸಮ್ಮೇಳನದಲ್ಲಿ ಪೋಸ್ಟರ್ ಹಾಕಬೇಕು. ಆಮೇಲೆ ಪೇಟೆಂಟ್ ಸಿಗುತ್ತದೆಯೇ?

ಉತ್ತರ: ಅರ್ಜಿ ಹಾಕದೆ ಪೋಸ್ಟರ್ ಬೇಡಮ್ಮ. ಪೇಟೆಂಟ್ ಏಜೆಂಟ್ ಆಗಿ ನನಗೆ ಜಾಸ್ತಿ ಸಂಕಟ ಕೊಡುವುದು ಇದೇ. ವರ್ಷಗಟ್ಟಲೆ ದುಡಿದ ಹುಡುಗರು, ಪೇಪರ್ ಪ್ರಕಟವಾದ ಮೇಲೆ ನನ್ನ ಹತ್ತಿರ ಬರುತ್ತಾರೆ. ಅಷ್ಟರಲ್ಲಿ ವಿಷಯ ಬಯಲಾಗಿ, ಪೇಟೆಂಟ್‌ಗೆ ಬೇಕಾದ ಹೊಸತನ ಹೋಗಿರುತ್ತದೆ. ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೆ ನಮ್ಮ ಕಾನೂನಿನಲ್ಲಿ 12 ತಿಂಗಳ ರಿಯಾಯಿತಿ ಇದೆ, ನಿಜ. ಪೋಸ್ಟರ್ ಅದರೊಳಗೆ ಬರುತ್ತದೆಂದು ನಂಬಿ ಕೂರಬೇಡಿ. ಯುರೋಪಿನಲ್ಲಿ ಆ ರಿಯಾಯಿತಿಯೂ ಇಲ್ಲ. ಸಮ್ಮೇಳನದ ಸಾರಾಂಶ ಪುಸ್ತಕ ಎಷ್ಟೋ ಸಲ ಮುಂಚೆಯೇ ನೆಟ್‌ನಲ್ಲಿ ಬಂದಿರುತ್ತದೆ, ಅದನ್ನು ಇವತ್ತೇ ವಿಚಾರಿಸಿ. ಪಿಎಚ್‌ಡಿ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಶೋಧಗಂಗಾ ಜಾಲತಾಣಕ್ಕೆ ಹೋಗುವ ನಿಮ್ಮ ಪ್ರಬಂಧಕ್ಕೂ ಇದೇ ಮಾತು.

ದಾರಿ ಇದೆ. ತಾತ್ಕಾಲಿಕ ಅರ್ಜಿ, ಅಂದರೆ ಪ್ರೊವಿಷನಲ್, ಹಾಕಿ. ಆನ್‌ಲೈನ್‌ನಲ್ಲಿ ವಿಶ್ವವಿದ್ಯಾಲಯಕ್ಕೆ ಸರ್ಕಾರಿ ಶುಲ್ಕ ₹1,600 ಅಷ್ಟೇ. ಪೂರ್ಣ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಆದರೆ ಸುಮ್ನೆ ಒಂದು ಪುಟ ಬರೆದು ಹಾಕಿದರೆ ಪ್ರಯೋಜನವಿಲ್ಲ. ಬದಲಿಸಿದ ಜೀನ್‌ನ ಅನುಕ್ರಮ, ಅದನ್ನು ಇ. ಕೋಲೈಗೆ ಒಯ್ದ ಡಿಎನ್‌ಎ ಉಂಗುರ ಅಂದರೆ ಪ್ಲಾಸ್ಮಿಡ್, ಬಣ್ಣ ಇಳಿದ ಅಂಕಿಅಂಶ, ಎಲ್ಲವೂ ಅದರಲ್ಲಿರಲಿ. ಅದರಲ್ಲಿ ಬರೆಯದ ವಿಷಯಕ್ಕೆ ಆ ಅರ್ಜಿಯ ದಿನಾಂಕ ಸಿಗುವುದಿಲ್ಲ.

ಮಣ್ಣಿನಲ್ಲಿ ಇದ್ದ ಹಾಗೇ ಇರುವ ಜೀನ್ ನಿಮ್ಮದಾಗುವುದಿಲ್ಲ. ಪ್ರಕೃತಿಯಲ್ಲಿ ಇರುವುದನ್ನು ಕಂಡುಹಿಡಿದರೆ ಪೇಟೆಂಟ್ ಇಲ್ಲ ಎನ್ನುತ್ತದೆ ನಮ್ಮ ಪೇಟೆಂಟ್ ಕಾಯ್ದೆಯ ಕಲಂ 3(ಸಿ). ನೀವು ಬದಲಿಸಿದ ಜೀನ್, ಅದನ್ನು ಹೊತ್ತ ಇ. ಕೋಲೈ, ನೀರು ತಿಳಿ ಮಾಡುವ ವಿಧಾನ, ಇವನ್ನು ಕೇಳಬಹುದು. ಕಲಂ 3(ಜೆ) ಗಿಡ, ಪ್ರಾಣಿಗಳನ್ನು ಹೊರಗಿಟ್ಟರೂ ಸೂಕ್ಷ್ಮಜೀವಿಗಳಿಗೆ ಅವಕಾಶ ಬಿಟ್ಟಿದೆ. ಅಮೆರಿಕದಲ್ಲಿ ಈ ಬಾಗಿಲು ತೆರೆಸಿದವರು ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ್ ಚಕ್ರವರ್ತಿ. ಎಣ್ಣೆ ತಿನ್ನುವ ಅವರ ಬ್ಯಾಕ್ಟೀರಿಯಾಕ್ಕೆ ಪೇಟೆಂಟ್ ಸಿಗಬಹುದೆಂದು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರಿಂದ ತೀರ್ಪು ಕೊಟ್ಟಿತು. ಕೊಳೆ ತೆಗೆಯುವ ಕೆಲಸವೇ ಅದೂ, ಅಲ್ವಾ?

ಬರವಣಿಗೆಯಿಂದ ಮಾತ್ರ ನಿಮ್ಮ ಬ್ಯಾಕ್ಟೀರಿಯಾ ತಳಿಯನ್ನು ಪೂರ್ತಿ ವಿವರಿಸಲು ಆಗದಿದ್ದರೆ ಅದನ್ನು ಚಂಡೀಗಢದ ಎಂಟಿಸಿಸಿ ಎಂಬ ಸೂಕ್ಷ್ಮಜೀವಿ ಸಂಗ್ರಹದಲ್ಲೋ ಪುಣೆಯಲ್ಲಿರುವ ಅಂಥದೇ ಸಂಗ್ರಹದಲ್ಲೋ ಠೇವಣಿ ಇಡಬೇಕು, ಅದೂ ಅರ್ಜಿಯ ದಿನದೊಳಗೆ.

ಮಣ್ಣು ಎಲ್ಲಿಯದು ಎಂದು ಅರ್ಜಿಯಲ್ಲಿ ಹೇಳಲೇಬೇಕು. ಘಟ್ಟದ ಸೂಕ್ಷ್ಮಜೀವಿಯೂ ಜೈವಿಕ ಸಂಪನ್ಮೂಲವೇ. ಭಾರತೀಯ ಅರ್ಜಿದಾರರು ಪೇಟೆಂಟ್ ಮಂಜೂರಾಗುವ ಮೊದಲು ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಇದು ಕಿರಿಕಿರಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಕಾಡನ್ನು ಉಳಿಸಿಕೊಂಡ ಊರಿನವರಿಗೂ ಲಾಭದಲ್ಲಿ ಪಾಲು ಸಲ್ಲಬೇಕು.

ಪ್ಲಾಸ್ಮಿಡ್ ಎಲ್ಲಿಂದ ಬಂತು? ಪ್ಲಾಸ್ಮಿಡ್ ಹಂಚುವ ಆಡ್‌ಜೀನ್ ಸಂಸ್ಥೆಯಿಂದ ತರಿಸಿದ್ದರೆ ಜೊತೆಗೆ ಬಂದ ಒಪ್ಪಂದ ಹುಡುಕಿ ಓದಿ. ಸಾಮಾನ್ಯವಾಗಿ ಸಂಶೋಧನೆಗೆ ಅಡ್ಡಿಯಿಲ್ಲ. ಕಾರ್ಖಾನೆಗೆ ಮಾರುವಾಗ ಆ ಪ್ಲಾಸ್ಮಿಡ್ ಮಾಡಿದವರ ಒಪ್ಪಿಗೆ ಬೇಕಾಗುತ್ತದೆ.

ಕೊನೆಯದು ಹೆಸರಿನ ವಿಷಯ. ಹಕ್ಕು ಬಹುಪಾಲು ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ, ಅಲ್ಲಿನ ಐಪಿ, ಅಂದರೆ ಬೌದ್ಧಿಕ ಆಸ್ತಿಯ, ನಿಯಮ ನೋಡಿ. ಆದರೆ ಆವಿಷ್ಕಾರ ಮಾಡಿದವರ ಜಾಗದಲ್ಲಿ ನಿಮ್ಮ ಹೆಸರು ಇರಲೇಬೇಕು. ಯೋಚನೆ ಕೊಟ್ಟಿದ್ದರೆ ಗೈಡ್ ಹೆಸರೂ ಇರಲಿ. ಬರೀ ಮರ್ಯಾದೆಗಾಗಿ ಯಾರ ಹೆಸರನ್ನೂ ಸೇರಿಸಬೇಡಿ, ಮುಂದೆ ಅದೇ ತಕರಾರಿಗೆ ದಾರಿಯಾಗುತ್ತದೆ.